ಝೀರೋ ಎ.ಡಿ. 27ನೆಯ ಆಲ್ಫಾ: ಕಾಯುವುದೋ, ಇರುವುದರಲ್ಲೇ ಆಡುವುದೋ?

ತೋಟದಂಚು, ಶಿರಸಿ
17 ನವೆಂಬರ್ 2024

ಎಲ್ಲರಿಗೂ ನಮಸ್ಕಾರ. ಪ್ರಾಚೀನ ನಾಗರಿಕತೆಗಳ ಪಡೆ ಕಟ್ಟಿ ಕಾದಾಡುವ ಝೀರೋ ಎ.ಡಿ. ಎಂಬ ಕಂಪ್ಯೂಟರ್ ಆಟದ ಮುಂದಿನ ಆವೃತ್ತಿಯಾದ 27ನೆಯ ಆಲ್ಫಾಕ್ಕಾಗಿ (ಇನ್ನೂ ಪೂರ್ಣಗೊಳ್ಳದ ಆಟದ ಆವೃತ್ತಿಗೆ ಆಲ್ಫಾ ಎನ್ನುತ್ತಾರೆ) ಕಾದು ಕುಳಿತವರಲ್ಲಿ ನಾನೂ ಒಬ್ಬ. ಬಲ್ಲವರ ಸಲಹೆ ಬೇಕಾಗಿರುವುದರಿಂದ ನಮ್ಮ ಪರಿಸ್ಥಿತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ನಮ್ಮ ಮನೆ ಶಿರಸಿ ಪೇಟೆಯಿಂದ ಹದಿನೈದು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಮೇಲಿನ ದಿಬ್ಬದಲ್ಲಿದೆ. ದೊಡ್ಡಹಬ್ಬಕ್ಕೆ (ದೀಪಾವಳಿಗೆ) ಒಮ್ಮೆ, ಕೊನೆಕೊಯ್ಲು, ಅಂದರೆ ಅಡಿಕೆಗೊನೆ ಕೊಯ್ಯುವ ಕೆಲಸ, ಮುಗಿದ ಮೇಲೆ ಇನ್ನೊಮ್ಮೆ, ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಚಿಕ್ಕಪ್ಪನ ಮಗ, ಕಾರವಾರದಲ್ಲಿ ಓದುತ್ತಿರುವ ಅಕ್ಕನ ಮಗ ಮತ್ತು ನಾನು ಒಂದೆಡೆ ಸೇರುತ್ತೇವೆ. ರಾತ್ರಿ ಊಟವಾದ ಬಳಿಕ ಮೂರು ಲ್ಯಾಪ್‌ಟಾಪ್‌ಗಳನ್ನು ಜಗಲಿಯಲ್ಲಿ ಸಾಲಾಗಿಟ್ಟು, ಇನ್ವರ್ಟರ್‌ ಮೇಲೆ ನಡೆಯುವ ಒಂದು ರೂಟರ್‌ಗೆ ಜೋಡಿಸಿ ಈ ಆಟವಾಡುವುದು ಕೆಲವು ವರ್ಷಗಳಿಂದ ನಡೆದುಬಂದ ರೂಢಿ. ಇಂಟರ್‌ನೆಟ್ ಇಲ್ಲದಿದ್ದರೂ ಆಡಬಹುದು, ಹಣ ಕೊಡಬೇಕಿಲ್ಲ, ಹಳೆಯ ಯಂತ್ರದಲ್ಲಿಯೂ ಒಂದು ಮಟ್ಟಿಗೆ ಓಡುತ್ತದೆ. ಇವೆಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ಹಿಡಿದಿಟ್ಟದ್ದು ಅದರಲ್ಲಿರುವ ಮೌರ್ಯರ ಪಡೆ. ಬೇರೆ ನಾಗರಿಕತೆಗಳವರು ಕಡಿದ ಮರವನ್ನು, ಒಡೆದ ಕಲ್ಲನ್ನು ಉಗ್ರಾಣದವರೆಗೆ ಹೊತ್ತು ಹೋಗಬೇಕು. ಮೌರ್ಯರಿಗಾದರೋ ಕೆಲಸದ ಆನೆಯೇ ಮರದ ಬುಡಕ್ಕೆ ನಡೆದು ಬರುತ್ತದೆ. ಸೇನಾನಾಯಕರಾಗಿ ಚಂದ್ರಗುಪ್ತ, ಅಶೋಕ, ಚಾಣಕ್ಯರು ಸಿಗುತ್ತಾರೆ, ಅಶೋಕನ ಶಾಸನಸ್ತಂಭಗಳನ್ನು ನಿಲ್ಲಿಸಬಹುದು. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷುವನ್ನು ವನವಾಸಿಗೆ ಕಳುಹಿಸಿದರೆಂದು ಸಿಂಹಳದ ಮಹಾವಂಶ ಗ್ರಂಥದಲ್ಲಿ ಇದೆಯಲ್ಲ, ಬನವಾಸಿ ನಮಗೆ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಆ ಅಭಿಮಾನವೂ ಸೇರಿದೆಯೆಂದು ಒಪ್ಪಿಕೊಳ್ಳುತ್ತೇನೆ.

ಈ ಸಲದ ಹಬ್ಬದಲ್ಲಿ ಆಟ ನಡೆಯಲಿಲ್ಲ. ನನ್ನ ಮತ್ತು ಅಕ್ಕನ ಮಗನ ಯಂತ್ರಗಳಲ್ಲಿ 26ನೆಯ ಆಲ್ಫಾ ಇದ್ದರೆ, ಚಿಕ್ಕಪ್ಪನ ಮಗನಾದ ತಮ್ಮನು ಹೊಸದಾಗಿ ಹಾಕಿಸಿಕೊಂಡ ಲಿನಕ್ಸ್ ಕಾರ್ಯವ್ಯವಸ್ಥೆಯಲ್ಲಿ ಸಿಕ್ಕಿದ್ದು 25. ಆವೃತ್ತಿ ಬೇರೆಯಾದರೆ ಒಬ್ಬರ ಆಟಕ್ಕೆ ಇನ್ನೊಬ್ಬರು ಸೇರಲಾಗದೆಂಬುದು ನಮಗೆ ಆಗಲೇ ತಿಳಿದದ್ದು. ಗುಡ್ಡದ ನೆತ್ತಿಗೆ ಹೋಗಿ ಮೊಬೈಲ್ ಸಿಗ್ನಲ್ ಹಿಡಿದು ಇಳಿಸಿಕೊಳ್ಳಲು ಕುಳಿತವನು, ಮುಕ್ಕಾಲು ಭಾಗ ಆಗುವಷ್ಟರಲ್ಲಿ ಕತ್ತಲಾಯಿತೆಂದು ಎದ್ದು ಬಂದ. ಮರುದಿನ ಗೋಪೂಜೆ, ಅದರ ಮರುದಿನ ಅವನು ಹೊರಟ. ಹೋಗುವಾಗ, “ಅಣ್ಣ, 27 ಬರಲಿ, ಮೂವರೂ ಒಟ್ಟಿಗೇ ಹಾಕಿಕೊಳ್ಳೋಣ” ಎಂದು ಹೇಳಿದ್ದಾನೆ.

26 ಬಿಡುಗಡೆಯಾದದ್ದು 2022ರ ಸೆಪ್ಟೆಂಬರ್‌ನಲ್ಲಿ. ಎರಡು ವರ್ಷ ದಾಟಿತು. ಎರಡು ವರ್ಷಕ್ಕೊಮ್ಮೆ ಬರುವ ನಮ್ಮ ಮಾರಿಕಾಂಬೆಯ ಜಾತ್ರೆಗಾದರೂ ಮುಹೂರ್ತವಿಟ್ಟು ದಿನ ಹೇಳುತ್ತಾರೆ. ಇದಕ್ಕೆ ಅದೂ ಇಲ್ಲ. ಆದ್ದರಿಂದ ಕೇಳುತ್ತಿದ್ದೇನೆ: ಇಷ್ಟು ತಡವಾಗಲು ಕಾರಣವೇನು? ಅಭಿವೃದ್ಧಿಯ ಹಂತದಲ್ಲಿರುವ ಪ್ರತಿಯನ್ನು ಈಗಲೇ ತಂದು ಹಾಕಿಕೊಂಡರೆ ಅಪಾಯವಿದೆಯೇ? ನನ್ನ ಲ್ಯಾಪ್‌ಟಾಪ್ ಹತ್ತು ವರ್ಷ ಹಳೆಯದು, ಸೈನ್ಯ ಬೆಳೆದ ಹಾಗೆ ಏದುಸಿರು ಬಿಡುತ್ತದೆ, ಜೊತೆಗೆ ನನಗೆ ಚಾಳೀಸು ಬಂದು ಪರದೆಯ ಮೇಲಿನ ಸಣ್ಣ ಅಕ್ಷರ ಓದಲಾಗುತ್ತಿಲ್ಲ. ಇವೆರಡಕ್ಕೂ ಹೊಸ ಆವೃತ್ತಿಯನ್ನೇ ಕಾಯಬೇಕೇ? ಕೊನೆಕೊಯ್ಲು ಮುಗಿಯುವುದರೊಳಗೆ ಒಂದು ತೀರ್ಮಾನಕ್ಕೆ ಬರಬೇಕಾಗಿದೆ.

ಕಾಳಿದಂಡೆ, ಕಾರವಾರ
18 ನವೆಂಬರ್ 2024

ತೋಟದಂಚು ಅವರಿಗೆ ನಮಸ್ಕಾರ. ಈ ಆಟವನ್ನು ನಾನು 2012ರ ಸುಮಾರಿನಿಂದ ನೋಡುತ್ತ ಬಂದಿದ್ದೇನೆ. ನೀವು ಎರಡು ವರ್ಷವೆಂದು ಬೇಸರಪಟ್ಟಿದ್ದೀರಿ. ಇದಕ್ಕಿಂತ ದೀರ್ಘವಾದ ಬರಗಾಲವನ್ನು ನಾವು ಕಂಡಿದ್ದೇವೆ: 23ನೆಯ ಆಲ್ಫಾ ಬಂದದ್ದು 2018ರ ಮೇ ತಿಂಗಳಿನಲ್ಲಿ, 24 ಬಂದದ್ದು 2021ರ ಫೆಬ್ರುವರಿಯಲ್ಲಿ. ಆಗಲೂ ಯೋಜನೆ ನಿಂತೇಹೋಯಿತೆಂದು ಹೇಳಿದವರಿದ್ದರು. ಆಮೇಲೆ ಅದೇ ವರ್ಷದ ಆಗಸ್ಟ್‌ನಲ್ಲಿ 25 ಬಂತು. ಹೀಗೆ ಒಮ್ಮೆ ಆರು ತಿಂಗಳು, ಒಮ್ಮೆ ಮೂರು ವರ್ಷಕ್ಕೆ ಹತ್ತಿರ. ನಡಿಗೆಗೆ ಒಂದು ಲಯವಿಲ್ಲ.

ಲಯವಿಲ್ಲದಿರಲು ಕಾರಣ ಸರಳವಾಗಿದೆ. ಇದನ್ನು ಮಾಡುವವರು ಸಂಬಳಕ್ಕೆ ದುಡಿಯುವವರಲ್ಲ. 2001ರ ಸುಮಾರಿಗೆ ಏಜ್ ಆಫ್ ಎಂಪೈರ್ಸ್ ಎಂಬ ಆಟದ ಎರಡನೆಯ ಭಾಗಕ್ಕೆ ಒಂದು ಮಾಡ್ (ಇರುವ ಆಟವನ್ನು ಮಾರ್ಪಡಿಸುವ ಸೇರ್ಪಡೆ) ಮಾಡಬೇಕೆಂಬ ಯೋಚನೆಯಿಂದ ಹುಟ್ಟಿ, ಮುಂದೆ ಸ್ವತಂತ್ರ ಆಟವಾಗಿ ಬೆಳೆದು, 2009ರಲ್ಲಿ ಮೂಲಸಂಕೇತವನ್ನು (ಸೋರ್ಸ್ ಕೋಡ್) ಎಲ್ಲರಿಗೂ ತೆರೆದಿಟ್ಟ ಯೋಜನೆ ಇದು. ಅಂದಿನಿಂದ ಇಂದಿನವರೆಗೂ ಕಾಲೇಜು, ನೌಕರಿ, ಸಂಸಾರಗಳ ನಡುವೆ ಉಳಿದ ಹೊತ್ತಿನಲ್ಲಿ ಸ್ವಯಂಸೇವಕರು ಕೂಡಿ ಕಟ್ಟುತ್ತಿದ್ದಾರೆ. ಪೂರ್ಣಾವಧಿಗೆ ಪ್ರೋಗ್ರಾಮರ್‌ಗಳನ್ನು ಇಟ್ಟುಕೊಳ್ಳುವ ಉದ್ದೇಶದಿಂದ 2013ರಲ್ಲಿ ಜನರಿಂದ 1,60,000 ಡಾಲರ್ ಸಂಗ್ರಹಿಸಲು ಹೊರಟರು. ಕೂಡಿದ್ದು 33,000 ಡಾಲರಿನಷ್ಟು. ಆ ಮೊತ್ತದಲ್ಲಿ ಎಷ್ಟು ಕಾಲ ಎಷ್ಟು ಜನರನ್ನು ಸಾಕಬಹುದೆಂದು ನೀವೇ ಲೆಕ್ಕ ಹಾಕಿ.

ಇನ್ನೊಂದು ಸಂಗತಿಯೂ ಇದೆ, ಅದನ್ನು ಆಡುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹೊಸ ಅಂಶಗಳೆಲ್ಲ ಸಿದ್ಧವಾದ ಮಾತ್ರಕ್ಕೆ ಆವೃತ್ತಿ ಸಿದ್ಧವಾದಂತಲ್ಲ. ಒಂದು ದಿನ ಗೆರೆ ಎಳೆದು, ಇನ್ನು ಮುಂದೆ ಹೊಸದೇನನ್ನೂ ಸೇರಿಸುವುದಿಲ್ಲ, ದೋಷಗಳನ್ನು ಮಾತ್ರ ತಿದ್ದುತ್ತೇವೆ ಎಂದು ನಿರ್ಧರಿಸಬೇಕು. ಆಮೇಲೆ ಪರದೆಯ ಮೇಲೆ ಬರುವ ವಾಕ್ಯಗಳನ್ನೂ ಸ್ಥಿರಗೊಳಿಸಿ, ಅನುವಾದಕರಿಗೆ ಕಾಲಾವಕಾಶ ಕೊಡಬೇಕು. ಅನಂತರ ಪರೀಕ್ಷಾ ಪ್ರತಿಯನ್ನು ಹೊರತಂದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ಓಡಿಸಿ ನೋಡಬೇಕು. ಅಲ್ಲಿ ಒಂದು ಗಂಭೀರ ದೋಷ ಕಂಡರೆ, ಅದನ್ನು ತಿದ್ದಿ ಇನ್ನೊಂದು ಪರೀಕ್ಷಾ ಪ್ರತಿ. ಬಿಡುಗಡೆಯನ್ನು ತಡೆಯುವ ದೋಷ ಎಂಬುದು ಹೆಚ್ಚಾಗಿ ಯಾರಿಗೂ ಇಷ್ಟವಿಲ್ಲದ ಕೆಲಸವಾಗಿರುತ್ತದೆ. ಹೊಸ ಆನೆಯ ಚಿತ್ರ ಬಿಡಿಸಲು ಹತ್ತು ಮಂದಿ ಮುಂದೆ ಬಂದರೆ, ಯಾವುದೋ ಒಂದೇ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಮಾತ್ರ ಪರದೆ ಕಪ್ಪಾಗುವುದೇಕೆಂದು ಹುಡುಕಲು ಒಬ್ಬರು ಸಿಕ್ಕರೆ ಹೆಚ್ಚು. ಸಾಲದ್ದಕ್ಕೆ ಈ ವರ್ಷ ಮೂಲಸಂಕೇತದ ಇಡೀ ಭಂಡಾರವನ್ನು ಸಬ್‌ವರ್ಷನ್ ಎಂಬ ವ್ಯವಸ್ಥೆಯಿಂದ ಗಿಟ್ ಎಂಬ ಇನ್ನೊಂದು ವ್ಯವಸ್ಥೆಗೆ ಸಾಗಿಸಿದ್ದಾರೆ. ಹಲವು ವರ್ಷಗಳ ಇತಿಹಾಸವಿರುವ ಭಂಡಾರವನ್ನು ಸ್ಥಳಾಂತರಿಸುವುದು ಹಳೆಯ ಮನೆ ಬಿಚ್ಚಿ ಕಂಬ, ತೊಲೆಗಳನ್ನು ಬೇರೆ ಜಾಗದಲ್ಲಿ ಕೂರಿಸಿದಂತೆ. ನೋಡಿದವರಿಗೆ ಹೊಸದೇನೂ ಕಾಣದಿದ್ದರೂ ಕೆಲಸ ಮಾಡಿದವರ ಬೆನ್ನು ಮುರಿದಿರುತ್ತದೆ.

ಈಗ ನಿಮ್ಮ ಅಡಚಣೆಗಳ ಬಗ್ಗೆ. ಅಭಿವೃದ್ಧಿಯ ಪ್ರತಿಯನ್ನು ಹಾಕಿಕೊಳ್ಳಬಹುದು, ಆದರೆ ಮೂಲಸಂಕೇತದ ಜೊತೆಗೆ ಚಿತ್ರ, ಧ್ವನಿಗಳೆಲ್ಲ ಸೇರಿ ಹಲವು ಗಿಗಾಬೈಟ್ ಆಗುತ್ತದೆ. ಗುಡ್ಡದ ನೆತ್ತಿಯಲ್ಲಿ ಕುಳಿತು ಇಳಿಸಿಕೊಳ್ಳುವ ವಸ್ತು ಅದಲ್ಲ. ಶಿರಸಿಯಲ್ಲೋ ಇಲ್ಲಿ ಕಾರವಾರದಲ್ಲೋ ಫೈಬರ್ ಸಂಪರ್ಕವಿರುವವರ ಮನೆಯಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ಒಯ್ಯಬೇಕು. ಮೂವರ ಬಳಿಯೂ ಒಂದೇ ದಿನದ ಪ್ರತಿ ಇರಬೇಕು. ಸೋಮವಾರದ ಪ್ರತಿಯವರು ಗುರುವಾರದ ಪ್ರತಿಯವರೊಂದಿಗೆ ಆಡಲಾರರು ಎಂದೇ ತಿಳಿದು ನಡೆಯಿರಿ. ಅದನ್ನು ಬೇರೆಯೇ ಫೋಲ್ಡರ್‌ನಲ್ಲಿ ಇಡಿ, ನಿಮ್ಮ ಹಳೆಯ ಸೆಟ್ಟಿಂಗ್ ಕಡತಗಳನ್ನು ಮೊದಲೇ ನಕಲು ಮಾಡಿಟ್ಟುಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಈ ಕೊಯ್ಲಿಗೆ ನೀವು 26ರಲ್ಲಿಯೇ ಆಡುವುದು ಒಳ್ಳೆಯದು. ತಮ್ಮನವರಿಗೆ ಲಿನಕ್ಸ್‌ನ ಸ್ವಂತ ಭಂಡಾರವನ್ನು ಬಿಟ್ಟು, ತಂತ್ರಾಂಶಗಳನ್ನು ಬೇರೆಯಾಗಿ ತಂದು ಕೂರಿಸುವ ಫ್ಲ್ಯಾಟ್‌ಪ್ಯಾಕ್ ಎಂಬ ವ್ಯವಸ್ಥೆಯ ಮೂಲಕ ಹಾಕಿಕೊಳ್ಳಲು ಹೇಳಿ, ಅದರಲ್ಲಿ 26 ಸಿಗುತ್ತದೆ. ಒಂದು ಎಚ್ಚರಿಕೆ: ಹೊಸ ಆವೃತ್ತಿ ಬಂದ ದಿನ ಫ್ಲ್ಯಾಟ್‌ಪ್ಯಾಕ್ ತಾನಾಗಿಯೇ ಅದನ್ನು ತಂದು ಕೂರಿಸುವ ಸಂಭವವಿದೆ, ಆಗ ನೀವಿಬ್ಬರು 26ರಲ್ಲಿ, ಅವರೊಬ್ಬರು 27ರಲ್ಲಿ ಆಗಿ ಮತ್ತೆ ಅದೇ ಕತೆ. ಆ ಒಂದು ಪ್ಯಾಕೇಜಿನ ಅಪ್‌ಡೇಟನ್ನು ತಡೆಹಿಡಿಯುವ ಆಜ್ಞೆ ಇದೆ, ಅದನ್ನು ಬಳಸಲಿ.

ಯಂತ್ರ ಏದುಸಿರು ಬಿಡುವುದಕ್ಕೆ ನೆರಳು, ನೀರಿನ ಹೊಳಪು ಇತ್ಯಾದಿಗಳನ್ನು ಆರಿಸಿದರೆ ಆರಂಭದಲ್ಲಿ ಅನುಕೂಲವಾಗುತ್ತದೆ, ಆಟದ ಕೊನೆಯ ಭಾಗದಲ್ಲಿ ಅಷ್ಟಾಗಿ ಆಗುವುದಿಲ್ಲ. ಏಕೆಂದರೆ ಆಗ ದಣಿಯುವುದು ಚಿತ್ರ ಬಿಡಿಸುವ ಭಾಗವಲ್ಲ. ನೂರಾರು ಸೈನಿಕರು ಯಾವ ದಾರಿಯಲ್ಲಿ ನಡೆಯಬೇಕು, ಯಾರನ್ನು ಹೊಡೆಯಬೇಕು ಎಂದು ಲೆಕ್ಕ ಹಾಕುವ ಪ್ರೊಸೆಸರ್. ಈ ಆಟದಲ್ಲಿ ಎಲ್ಲರ ಯಂತ್ರಗಳೂ ಇಡೀ ಯುದ್ಧವನ್ನು ತಮ್ಮತಮ್ಮಲ್ಲೇ ಲೆಕ್ಕ ಹಾಕುತ್ತವೆ, ಯಂತ್ರಗಳ ನಡುವೆ ಓಡಾಡುವುದು ಆಟಗಾರರ ಆಜ್ಞೆಗಳು ಮಾತ್ರ. ಹೀಗಾಗಿ ಒಂದು ಯಂತ್ರ ಹಿಂದೆ ಬಿದ್ದರೆ ಉಳಿದವು ಅದಕ್ಕಾಗಿ ನಿಲ್ಲಬೇಕಾಗುತ್ತದೆ. ಆಟ ಶುರುಮಾಡುವಾಗ ಒಬ್ಬೊಬ್ಬರಿಗೆ 100 ಜನರೆಂದು ಮಿತಿ ಹಾಕಿ, ಸಣ್ಣ ನಕ್ಷೆ ಆರಿಸಿಕೊಳ್ಳಿ. ಮೌರ್ಯರಿಗೆ ಆ ಮಿತಿಯ ಮೇಲೆ ಶೇ. 10 ಹೆಚ್ಚು ಸಿಗುತ್ತದೆ. ಯಾರು ಮೌರ್ಯರಾಗಬೇಕೆಂದು ಜಗಳವಾದರೆ ನನ್ನನ್ನು ಕೇಳಬೇಡಿ.

ಅಕ್ಷರದ ಗಾತ್ರಕ್ಕೆ 26ರಲ್ಲಿಯೂ ಉಪಾಯವಿದೆ. ಮೆನುವಿನಲ್ಲಿ ಕಾಣುವುದಿಲ್ಲ, ಸೆಟ್ಟಿಂಗ್ ಕಡತದಲ್ಲಿ ಜಿಯುಐ ಸ್ಕೇಲ್ ಎಂಬ ಸಾಲನ್ನು ಸೇರಿಸಿ 1.25 ಎಂದೋ 1.5 ಎಂದೋ ಬರೆದರೆ ಪರದೆಯ ಮೇಲಿನ ಪಟ್ಟಿಗಳೆಲ್ಲ ದೊಡ್ಡದಾಗುತ್ತವೆ. ಅಕ್ಷರ ಸ್ವಲ್ಪ ಮಸುಕಾಗಿ ಕಂಡೀತು, ಆದರೂ ಕಣ್ಣು ಕಿರಿದು ಮಾಡುವುದು ತಪ್ಪುತ್ತದೆ.

ಅಂಗಡಿಸಾಲು, ಕುಮಟಾ
18 ನವೆಂಬರ್ 2024

ಕಾಳಿದಂಡೆಯವರು ಹೇಳಿದ್ದೆಲ್ಲ ಸರಿಯೇ ಇರಬಹುದು, ಆದರೆ ಸ್ವಯಂಸೇವಕರು ಎಂಬ ಒಂದೇ ಮಾತಿನಿಂದ ಎಲ್ಲವನ್ನೂ ಮುಚ್ಚಲು ನನಗೆ ಮನಸ್ಸಿಲ್ಲ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಕೆಲಸ ನಡೆದಿರುವ ಆಟದ ಹೆಸರಿನ ಮುಂದೆ ಇನ್ನೂ ಆಲ್ಫಾ ಎಂದು ಅಂಟಿಸಿಕೊಂಡಿರುವುದು ಯಾವ ನ್ಯಾಯ? ಆಡುವವರೂ ತಮ್ಮ ಸಮಯ ಕೊಟ್ಟಿದ್ದಾರೆ, ಕೆಲವರು ದೇಣಿಗೆಯನ್ನೂ ಕೊಟ್ಟಿದ್ದಾರೆ. ಇಂಥ ತಿಂಗಳಲ್ಲಿ ಬರುತ್ತದೆ ಎಂದು ಅಂದಾಜು ಹೇಳುವುದರಿಂದ ಯಾರ ಗಂಟೂ ಹೋಗುವುದಿಲ್ಲ. ಹೇಳಿದ ತಿಂಗಳಿಗೆ ಬರದಿದ್ದರೆ ಕ್ಷಮೆ ಕೇಳಿ ಮುಂದಿನ ತಿಂಗಳು ಹೇಳಲಿ. ನನ್ನ ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿಗೆ ಕೊಟ್ಟವರಿಗೆ ನಾನು ದಿನ ಹೇಳದೆ ಕಳುಹಿಸಿದರೆ ಅವರು ಎರಡನೆಯ ಸಲ ಮೆಟ್ಟಿಲು ಹತ್ತುವರೇ?

ತೋಟದಂಚು ಅವರೇ, ಕಾಯುತ್ತ ಕೂರಬೇಡಿ. ಬೇರೆ ಆಟಗಳು ಬೇಕಾದಷ್ಟಿವೆ.

ಅಘನಾಶಿನಿ, ಸಿದ್ದಾಪುರ
20 ನವೆಂಬರ್ 2024

ಅಂಗಡಿಸಾಲು ಅವರ ಸಿಟ್ಟಿನಲ್ಲಿ ಅರ್ಥವಿಲ್ಲವೆಂದು ನಾನು ಹೇಳಲಾರೆ, ಆದರೆ ಅಂದಾಜು ದಿನ ಹೇಳುವುದರಿಂದ ಯಾರ ಗಂಟೂ ಹೋಗುವುದಿಲ್ಲ ಎಂಬ ಮಾತನ್ನು ಒಪ್ಪಲಾರೆ. ಸಣ್ಣ ತಂಡಗಳು ಮಾಡಿದ ಆಟಗಳಲ್ಲಿ ಇದಕ್ಕೆ ವಿರುದ್ಧವಾದ ನಿದರ್ಶನಗಳೇ ಕಣ್ಣಿಗೆ ಬೀಳುತ್ತವೆ.

ಹಾಲೋ ನೈಟ್ ಆಟದ ಮುಂದಿನ ಭಾಗವಾದ ಸಿಲ್ಕ್‌ಸಾಂಗನ್ನು ಆಸ್ಟ್ರೇಲಿಯಾದ ಟೀಮ್ ಚೆರಿ ಎಂಬ ಪುಟ್ಟ ತಂಡ 2019ರ ಫೆಬ್ರುವರಿಯಲ್ಲಿ ಘೋಷಿಸಿತು. 2022ರ ಜೂನ್‌ನಲ್ಲಿ ಒಂದು ದೊಡ್ಡ ಪ್ರದರ್ಶನದಲ್ಲಿ ಅದನ್ನು ತೋರಿಸಿ, ಅಲ್ಲಿ ತೋರಿಸಿದ ಆಟಗಳೆಲ್ಲ ಹನ್ನೆರಡು ತಿಂಗಳೊಳಗೆ ಆಡಲು ಸಿಗುತ್ತವೆ ಎಂದರು. ಹನ್ನೊಂದು ತಿಂಗಳಾದ ಮೇಲೆ ಇನ್ನೂ ಕಾಲಾವಕಾಶ ಬೇಕೆಂಬ ಸಂದೇಶ ಬಂತು. ನಾನು ಇದನ್ನು ಬರೆಯುತ್ತಿರುವ 2024ರ ನವೆಂಬರ್‌ವರೆಗೂ ಆಟ ಬಂದಿಲ್ಲ. ಅಷ್ಟು ವರ್ಷ ಸುಮ್ಮನೆ ಕಾದವರು ಆ ಹನ್ನೆರಡು ತಿಂಗಳ ಮಾತಿನಿಂದ ನೊಂದುಕೊಂಡಷ್ಟು ಮೌನದಿಂದ ನೊಂದಿರಲಿಲ್ಲ. ಗಡುವಿಲ್ಲದ ತಡ ಬೇಸರ ತರುತ್ತದೆ, ಗಡುವು ಮೀರಿದ ತಡ ಸಂಶಯ ತರುತ್ತದೆ. ಎರಡನೆಯದು ಹೆಚ್ಚು ಕೆಟ್ಟದ್ದು.

ಪೂರ್ತಿ ಮೌನವೂ ಒಳ್ಳೆಯದಲ್ಲ ಎಂಬುದಕ್ಕೆ ಕ್ಯೂಬ್ ವರ್ಲ್ಡ್ ಸಾಕ್ಷಿ. 2013ರಲ್ಲಿ ಅದರ ಆಲ್ಫಾ ಪ್ರತಿಯನ್ನು ಹಣಕ್ಕೆ ಮಾರಿ, ಬಳಿಕ ವರ್ಷಗಟ್ಟಲೆ ಹೆಚ್ಚೇನೂ ಹೇಳದೆ, 2019ರಲ್ಲಿ ಹೊರತಂದಾಗ ಆಟದ ಸ್ವರೂಪವೇ ಬದಲಾಗಿತ್ತು. ಕಾದವರಲ್ಲಿ ಅನೇಕರಿಗೆ ಅದು ರುಚಿಸಲಿಲ್ಲ. ಅಲ್ಲಿ ನಡೆದ ತಪ್ಪು ದಿನ ಹೇಳದ್ದಲ್ಲ, ಒಳಗೆ ಏನು ನಡೆದಿದೆ ಎಂಬುದನ್ನು ತೋರಿಸದೆ ಇದ್ದದ್ದು. ಫ್ಯಾಕ್ಟೋರಿಯೋ ಮಾಡಿದ ಪ್ರಾಗ್‌ನ ತಂಡ ಇದಕ್ಕೆ ವಿರುದ್ಧ ದಾರಿ ಹಿಡಿಯಿತು. ಈ ವಾರ ಏನು ಮಾಡಿದೆವು, ಯಾವ ಲೆಕ್ಕಾಚಾರ ಕೈಕೊಟ್ಟಿತು ಎಂದು ಶುಕ್ರವಾರಗಳಂದು ಬರೆಯುತ್ತ ಬಂದರು, ಓದುವವರಿಗೆ ಕಾಯುವುದೇ ಒಂದು ಓದಾಯಿತು. ಅವರ 2.0 ಕಳೆದ ತಿಂಗಳು 21ರಂದು ಬಂದಿದೆ. ಝೀರೋ ಎ.ಡಿ.ಯಲ್ಲಿ ದಿನ ಹೇಳುವವರಿಲ್ಲದಿದ್ದರೂ ಪ್ರತಿಯೊಂದು ಬದಲಾವಣೆಯೂ ಬಯಲಿನಲ್ಲಿಯೇ ನಡೆಯುತ್ತದೆ. ಬಿಡುಗಡೆಗೆ ಅಡ್ಡವಾಗಿರುವ ದೋಷಗಳ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ಓದಬಹುದು. ಬಯಲಾಟಕ್ಕೆ ಹೋದವನು ವೇಷ ಯಾವಾಗ ರಂಗಕ್ಕೆ ಬರುತ್ತದೆಂದು ತಿಳಿಯಬೇಕಾದರೆ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ ಇಣುಕಬೇಕು. ಇಲ್ಲಿ ಚೌಕಿಗೆ ಪರದೆಯನ್ನೇ ಕಟ್ಟಿಲ್ಲ.

ಆವೃತ್ತಿಗಳ ನಡುವಿನ ಅಂತರವನ್ನೇ ಅಳತೆಗೋಲಾಗಿ ಹಿಡಿದರೆ ನೆಟ್‌ಹ್ಯಾಕ್ ಎಂದೋ ಸತ್ತಿರಬೇಕಾಗಿತ್ತು. 1987ರಲ್ಲಿ ಹುಟ್ಟಿದ ಆ ಆಟದ 3.4.3 ಆವೃತ್ತಿ 2003ರ ಡಿಸೆಂಬರ್‌ನಲ್ಲಿ ಬಂತು, ಅದರ ನಂತರದ 3.6.0 ಬಂದದ್ದು 2015ರ ಡಿಸೆಂಬರ್‌ನಲ್ಲಿ. ಹನ್ನೆರಡು ವರ್ಷ. ನಡುವಿನ ಕಾಲದಲ್ಲಿ ಜನ ಆಡುವುದನ್ನು ನಿಲ್ಲಿಸಲಿಲ್ಲ, ತಾವೇ ತಿದ್ದಿಕೊಂಡು ಹತ್ತಾರು ಕವಲುಗಳನ್ನು ಮಾಡಿಕೊಂಡರು. ಸ್ಟಾರ್‌ಡ್ಯೂ ವ್ಯಾಲಿ ಎಂಬ ಆಟದ 1.6 ಆವೃತ್ತಿ ಈ ವರ್ಷ ಮಾರ್ಚ್ 19ರಂದು, ಶಿರಸಿ ಜಾತ್ರೆಯ ಗಡಿಬಿಡಿಯ ನಡುವೆಯೇ, ಕಂಪ್ಯೂಟರಿಗೆ ಬಂತು; ಮೊಬೈಲಿಗೆ ಬಂದದ್ದು ನವೆಂಬರ್ 4ಕ್ಕೆ. ನನ್ನ ಮಗಳು ಆ ಏಳೂವರೆ ತಿಂಗಳು ದಿನಕ್ಕೊಂದು ಸಲ ಕೇಳುತ್ತಿದ್ದಳು. ಬಂದ ದಿನ ಮಾತ್ರ ಅವಳಿಗೆ ಪರೀಕ್ಷೆ.

ಅಂಗಡಿಸಾಲು, ಕುಮಟಾ
20 ನವೆಂಬರ್ 2024

ಪಟ್ಟಿ ಬಯಲಿನಲ್ಲಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಓದಿ ನೋಡಿದೆ. ಅರ್ಧ ಅರ್ಥವಾಯಿತು. ಆದರೂ ಆಲ್ಫಾ ಎಂಬ ಹೆಸರಿನ ಬಗ್ಗೆ ನನ್ನ ತಕರಾರು ಉಳಿದಿದೆ.

ತೋಟದಂಚು, ಶಿರಸಿ
23 ನವೆಂಬರ್ 2024

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಜಿಯುಐ ಸ್ಕೇಲ್ 1.5 ಮಾಡಿದೆ, ಕನ್ನಡಕವಿಲ್ಲದೆಯೂ ಓದಬಹುದಾಗಿದೆ. ಕೊಯ್ಲಿಗೆ 26ರಲ್ಲಿಯೇ ಆಡುವುದೆಂದು ಮೂವರೂ ಒಪ್ಪಿದ್ದೇವೆ. ಅಕ್ಕನ ಮಗನೊಂದಿಗೆ ಮೊನ್ನೆ ಪ್ರಯೋಗಕ್ಕೆಂದು ಆಡುವಾಗ ಒಂದು ವಿಚಿತ್ರ ನಡೆಯಿತು: ಇಪ್ಪತ್ತು ನಿಮಿಷವಾದ ಮೇಲೆ ಎರಡೂ ಯಂತ್ರಗಳು ಹೊಂದಿಕೆ ತಪ್ಪಿವೆ ಎಂಬ ಸಂದೇಶ ಬಂದು ಆಟ ಕೆಟ್ಟಿತು. ವಿಚಾರಿಸಿದರೆ ಅವನು ಆನೆಯ ಬೆಲೆ ಕಡಿಮೆಯಾಗಲೆಂದು ಆಟದ ಒಂದು ಕಡತವನ್ನು ಕೈಯಾರೆ ತಿದ್ದಿಟ್ಟಿದ್ದ. ಅವನ ಯಂತ್ರದ ಲೆಕ್ಕದಲ್ಲಿ ಆನೆ ಅಗ್ಗ, ನನ್ನ ಯಂತ್ರದ ಲೆಕ್ಕದಲ್ಲಿ ದುಬಾರಿ. ಕಾಳಿದಂಡೆಯವರು ಹೇಳಿದ ಲೆಕ್ಕದ ಮಾತು ಆಗ ಚೆನ್ನಾಗಿ ಅರ್ಥವಾಯಿತು.

ಇನ್ನೊಂದು ಪ್ರಶ್ನೆ. ನಮ್ಮ ಅಪ್ಪಯ್ಯನೂ ಪಕ್ಕದಲ್ಲಿ ಕುಳಿತು ನೋಡುತ್ತಾರೆ, ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. 27ರಲ್ಲಿ ಕನ್ನಡ ಬರುವ ಸಾಧ್ಯತೆ ಇದೆಯೇ?

ಶರಾವತಿತೀರ, ಹೊನ್ನಾವರ
25 ನವೆಂಬರ್ 2024

ನಾನು ನಿವೃತ್ತ ಅಧ್ಯಾಪಕ. ಆಟ ಆಡುವುದು ಕಡಿಮೆ, ಕನ್ನಡಕ್ಕೆ ತರುವ ಆಸೆಯಿಂದ ಈ ಆಟದ ಒಳಹೊಕ್ಕವನು. ತೋಟದಂಚು ಅವರ ಕೊನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಅನುವಾದದ ಕೆಲಸ ಟ್ರಾನ್ಸಿಫೆಕ್ಸ್ ಎಂಬ ತಾಣದಲ್ಲಿ ನಡೆಯುತ್ತದೆ. ಅಲ್ಲಿ ಹೆಸರು ನೋಂದಾಯಿಸಿಕೊಂಡು ವಾಕ್ಯ ವಾಕ್ಯವಾಗಿ ಅನುವಾದಿಸಬಹುದು. ಸಾಕಷ್ಟು ಭಾಗ ಮುಗಿದ ಭಾಷೆಗಳನ್ನಷ್ಟೇ ಬಿಡುಗಡೆಯೊಡನೆ ಸೇರಿಸುತ್ತಾರೆ. ಆದರೆ ಕನ್ನಡಕ್ಕೆ ಇರುವ ತೊಡಕು ಅನುವಾದಕರ ಕೊರತೆಯೊಂದೇ ಅಲ್ಲ. ಈ ಆಟ ಅಕ್ಷರಗಳನ್ನು ಮೊದಲೇ ಚಿತ್ರಗಳಾಗಿ ಅಚ್ಚು ಹಾಕಿ ಇಟ್ಟುಕೊಂಡಿರುತ್ತದೆ. ಪರದೆಯ ಮೇಲೆ ಒಂದು ಪದ ಬರಬೇಕಾದರೆ ಆ ಚಿತ್ರಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತದೆ. ಹಳೆಯ ಮುದ್ರಣಾಲಯದ ಮೊಳೆಗಳನ್ನು ನೆನೆಸಿಕೊಳ್ಳಿ. ಇಂಗ್ಲಿಷಿಗೆ ಅಷ್ಟು ಸಾಕು. ಅಕ್ಷರಗಳ ಸಂಖ್ಯೆ ದೊಡ್ಡದಾದ ಚೀನೀ, ಜಪಾನೀ ಭಾಷೆಗಳಿಗೆ ಅಕ್ಷರಚಿತ್ರಗಳನ್ನು ಪ್ರತ್ಯೇಕ ಮಾಡ್ ಆಗಿ ಕೊಡಬೇಕಾಗಿದೆ. ಕನ್ನಡದ ಕಷ್ಟ ಸಂಖ್ಯೆಯದಲ್ಲ, ಕೂಡಿಕೆಯದು. “ಸ್ತಂಭ” ಎಂದು ಬರೆಯಬೇಕಾದರೆ ಸ ಅಕ್ಷರದ ಕೆಳಗೆ ತ ಒತ್ತು ಬಂದು ಕೂರಬೇಕು, ಅದರ ಮುಂದೆ ಸೊನ್ನೆ ಬರಬೇಕು. ಪಕ್ಕಪಕ್ಕದಲ್ಲಿ ಮೊಳೆ ಇಡಲು ಮಾತ್ರ ಬಲ್ಲ ಯಂತ್ರ ಅದನ್ನು ಸ, ಹಲಂತದ ಗುರುತು, ತ ಎಂದು ಬಿಡಿಬಿಡಿಯಾಗಿ ಉದುರಿಸುತ್ತದೆ. ಅಶೋಕಸ್ತಂಭವನ್ನು ಆ ಸ್ಥಿತಿಯಲ್ಲಿ ನೋಡಲು ನಿಮ್ಮ ಅಪ್ಪಯ್ಯನಿಗೂ ಇಷ್ಟವಾಗದು.

ಆದ್ದರಿಂದ 27ರಲ್ಲಿ ಕನ್ನಡವನ್ನು ನಿರೀಕ್ಷಿಸಬೇಡಿ. ಅಕ್ಷರಗಳನ್ನು ಓಡುವ ಹೊತ್ತಿನಲ್ಲಿಯೇ ಫಾಂಟಿನಿಂದ ಬಿಡಿಸಿಕೊಳ್ಳುವ ವ್ಯವಸ್ಥೆ ಮೊದಲು ಬರಬೇಕು, ಒತ್ತಕ್ಷರಗಳನ್ನು ಕೂಡಿಸುವ ಕೆಲಸ ಅದರ ಮೇಲೆ ಬರಬೇಕು. ಅಲ್ಲಿಯವರೆಗೆ ನಾನು ಪದಗಳ ಪಟ್ಟಿಯನ್ನು ಸಿದ್ಧಮಾಡುತ್ತಿದ್ದೇನೆ. ಸೈನಿಕರನ್ನು ತಯಾರಿಸುವ ಕಟ್ಟಡಕ್ಕೆ ದಂಡುಮನೆ ಎಂದು ಇಟ್ಟುಕೊಂಡಿದ್ದೇನೆ. ಕುರಿ, ದನಗಳನ್ನು ಸಾಕುವ ಕಟ್ಟಡಕ್ಕೆ ದೊಡ್ಡಿ ಎನ್ನಬೇಕೋ ಕೊಟ್ಟಿಗೆ ಎನ್ನಬೇಕೋ ತೀರ್ಮಾನವಾಗಿಲ್ಲ.

ಒಂದು ಕುತೂಹಲದ ಸಂಗತಿ ಹೇಳಿ ಮುಗಿಸುತ್ತೇನೆ. ಈ ಆಟದ ಆಲ್ಫಾಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಪ್ರಾಚೀನ ಹೆಸರುಗಳನ್ನು ಇಡುತ್ತ ಬಂದಿದ್ದಾರೆ. ಮೊದಲನೆಯದು ಆರ್ಗೊನಾಟ್, ಎರಡನೆಯದು ಬೆಲರೊಫಾನ್, 26ನೆಯದು ಝುವಾಂಗ್‌ಝಿ. ಅಕ್ಷರಮಾಲೆ ಅಲ್ಲಿಗೆ ಮುಗಿಯಿತು. ಇನ್ನು ಮತ್ತೆ ಮೊದಲ ಅಕ್ಷರಕ್ಕೆ ಮರಳಬೇಕು.

ಕಾಳಿದಂಡೆ, ಕಾರವಾರ
31 ಜನವರಿ 2025

ಬಂದಿದೆ. 27ನೆಯ ಆಲ್ಫಾದ ಹೆಸರು ಅಗ್ನಿ. ಶರಾವತಿತೀರದ ಮೇಷ್ಟ್ರು ಹೇಳಿದಂತೆ ಮೊದಲ ಅಕ್ಷರಕ್ಕೇ ಮರಳಿದ್ದಾರೆ, ಅದೂ ನಮ್ಮ ವೇದದ ದೇವರ ಹೆಸರಿನೊಂದಿಗೆ. ತೋಟದಂಚು ಅವರೇ, ನಿಮ್ಮ ತಮ್ಮನ ಅಪ್‌ಡೇಟ್ ತಡೆಹಿಡಿದಿದ್ದೀರಿ ತಾನೇ?

ತೋಟದಂಚು, ಶಿರಸಿ
16 ಫೆಬ್ರುವರಿ 2025

ತಡೆಹಿಡಿದಿದ್ದೆವು. ಅದರಿಂದಲೇ ಕೊಯ್ಲಿನ ಹೊತ್ತಿನ ಆಟ 26ರಲ್ಲಿ ಸುಸೂತ್ರವಾಗಿ ನಡೆಯಿತು, ಅರ್ಧಕ್ಕೆ ನಿಲ್ಲಿಸಿಟ್ಟಿದ್ದ ಎರಡು ಆಟಗಳನ್ನೂ ಮುಗಿಸಿದೆವು. ಹೊಸ ಆವೃತ್ತಿಯಲ್ಲಿ ಹಳೆಯ ಸೇವ್ ಫೈಲ್‌ಗಳನ್ನು ನಂಬಬಾರದೆಂದು ಅಕ್ಕನ ಮಗ ಎಲ್ಲಿಯೋ ಓದಿದ್ದ. ಕಳೆದ ವಾರ ಅವನು ಕಾರವಾರದಿಂದ ಪೆನ್‌ಡ್ರೈವ್‌ನಲ್ಲಿ 27 ತಂದ, ಬೆಂಗಳೂರಿನಲ್ಲಿ ತಮ್ಮನೂ ಅದೇ ದಿನ ಹಾಕಿಕೊಂಡ. ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅಕ್ಷರದ ಗಾತ್ರವನ್ನು ಆಟದ ಸೆಟ್ಟಿಂಗ್ ಪುಟದಲ್ಲಿಯೇ ಬದಲಿಸಬಹುದೆಂಬುದು. ಇನ್ನು ಕಡತ ತಿದ್ದಬೇಕಿಲ್ಲ. ಲ್ಯಾಪ್‌ಟಾಪ್‌ನ ಏದುಸಿರು ಪೂರ್ತಿ ನಿಂತಿಲ್ಲ, ಹತ್ತು ವರ್ಷದ ಯಂತ್ರಕ್ಕೆ ಅಗ್ನಿಯೂ ಏನು ಮಾಡಲಾದೀತು? 100ರ ಮಿತಿಯಲ್ಲಿಯೇ ಆಡುತ್ತಿದ್ದೇವೆ. ಪೆಟ್ರಾ ಎಂಬ ಕಂಪ್ಯೂಟರ್ ಎದುರಾಳಿಯ ವಿರುದ್ಧ ಒಬ್ಬನೇ ಆಡಿ ಎರಡು ಸಲ ಸೋತಿದ್ದೇನೆ.

ಮೇಷ್ಟ್ರಿಗೆ ಒಂದು ಮಾತು. ಪದಗಳ ಪಟ್ಟಿಯ ಬಗ್ಗೆ ಅಪ್ಪಯ್ಯನೊಂದಿಗೆ ಚರ್ಚಿಸಿದೆ. ದೊಡ್ಡಿ ಎಂದರೆ ನಮ್ಮ ಕಡೆಯವರಿಗೆ ಬೀಡಾಡಿ ದನಗಳನ್ನು ಹಿಡಿದು ಕೂಡುವ ಜಾಗದ ನೆನಪಾಗುತ್ತದೆ, ಆದ್ದರಿಂದ ಕೊಟ್ಟಿಗೆಯೇ ಆಗಬೇಕು ಎನ್ನುತ್ತಾರೆ ಅವರು. ಬೆಳೆದ ಧಾನ್ಯ ತಂದು ಒಪ್ಪಿಸುವ ಕಟ್ಟಡಕ್ಕೆ ನೀವು ಏನು ಇಟ್ಟಿದ್ದೀರೋ ತಿಳಿಯದು. ಉಗ್ರಾಣ ಎಂಬುದು ಮರ, ಕಲ್ಲುಗಳ ಕಟ್ಟಡಕ್ಕೆ ಹೋಗಿಬಿಟ್ಟಿದೆ; ಇದಕ್ಕೆ ಕಣಜ ಎಂದು ಇಡಬಹುದೇ?